ಆಪರೇಷನ್ ಆಗಿ ಒಂದು ವರ್ಷ, ಹೇಗಿದ್ದೀರಿ?: ಈ ಪ್ರಶ್ನೆ ಕೇಳಿ ಕೆಲಸ ಕಳೆದುಕೊಂಡ ಡಾಕ್ಟರ್ ಕಥೆ

(ಈ ವಾರದ ಸಂಚಿಕೆಯ ಬರಹ ರೂಪ)

  ಇವತ್ತಿನ ಕಥೆ ನೂರು ವರ್ಷ ಹಿಂದಿನ ಅಮೆರಿಕದ್ದು. ಆದರೆ ಶುರುವಾಗೋದು ರಾಣೆಬೆನ್ನೂರಿನಲ್ಲಿ, ನಮ್ಮಪ್ಪನ ಬಲಗೈಯಿಂದ.

ನಮ್ಮದು ಅಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಪೈಪು, ಮೊಳೆ, ಪೇಂಟು, ಮೋಟರ್. ಅಪ್ಪ ಒಂದಿನ ಮೇಲಿನ ರ‍್ಯಾಕ್‌ನಿಂದ 20 ಲೀಟರಿನ ಪೇಂಟ್ ಡಬ್ಬಿ ಇಳಿಸೋಕೆ ಹೋದರು. ಡಬ್ಬಿ ಜಾರಿತು. ಕೈಬಿಟ್ಟಿದ್ದರೆ ಡಬ್ಬಿ ಒಡೀತಿತ್ತು ಅಷ್ಟೇ. ಆದರೆ ಅಂಗಡಿಯವರು ಮಾಲು ಕೈಬಿಡ್ತಾರಾ? ಹಿಡಿದುಕೊಂಡರು. ಭುಜದೊಳಗೆ ಬಟ್ಟೆ ಹರಿದ ಹಾಗೆ ಸದ್ದಾಯ್ತಂತೆ. ಎಂಆರ್‌ಐ ಮಾಡಿಸಿದಾಗ ಗೊತ್ತಾಯ್ತು: ರೊಟೇಟರ್ ಕಫ್ ಹರಿದಿದೆ. ಅಂದರೆ ತೋಳನ್ನು ಮೇಲೆತ್ತಿ ತಿರುಗಿಸೋ ಸ್ನಾಯುಗಳು ಮೂಳೆಗೆ ಅಂಟಿಕೊಂಡಿರೋ ಜಾಗ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು.

ಮನೆಗೆ ಬಂದ ಮೇಲೆ ಫಿಸಿಯೋಥೆರಪಿಯವರು ಒಂದು ಹಾಳೆ ಕೊಟ್ಟರು. ಒಳ್ಳೇ ಕೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಗ್ಗಿ, ಆಪರೇಷನ್ ಆದ ಕೈಯನ್ನು ಸಡಿಲ ಬಿಟ್ಟು, ಗೋಡೆ ಗಡಿಯಾರದ ಲೋಲಕದ ಹಾಗೆ ಮೆಲ್ಲಗೆ ತೂಗಾಡಿಸಬೇಕು. ಅದರ ಮೇಲೆ ಬರೆದಿತ್ತು: 'ಕಾಡ್‌ಮನ್ ಎಕ್ಸರ್‌ಸೈಜ್'. ನಾನು ಏನೋ ಕಂಪನಿ ಹೆಸರು ಅಂದ್ಕೊಂಡೆ. ಅಪ್ಪ "ಕಾಡ ಮನಿ ಅಂದ್ರ ಏನವಾ?" ಅಂತ ನಕ್ಕರು.

ಅದು ಒಬ್ಬ ಮನುಷ್ಯನ ಹೆಸರು.

ಆ ಹೆಸರು ಹುಡುಕೋಕೆ ಹೊರಟ ಅದೇ ವಾರ ಆಸ್ಪತ್ರೆಯಿಂದ ಅಪ್ಪನಿಗೆ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ. ರೂಮ್ ಸ್ವಚ್ಛ ಇತ್ತಾ? ಊಟ ಹೇಗಿತ್ತು? ಪಾರ್ಕಿಂಗ್ ಸಿಕ್ತಾ? ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಿ? ಅಪ್ಪ ಎಲ್ಲದಕ್ಕೂ ನಾಲ್ಕು ನಾಲ್ಕು ಅಂತ ಕೊಟ್ಟರು. ಕೊನೆಗೆ ಅವರೇ ಕೇಳಿದರು, "ಕೈ ಬಗ್ಗೆ ಏನೂ ಕೇಳಲ್ಲೇನು?" ಆ ಹುಡುಗಿ ಪಾಪ, "ಸರ್, ಅದು ನನ್ನ ಲಿಸ್ಟಲ್ಲಿ ಇಲ್ಲ" ಅಂದಳು.

ಫೋನಿಟ್ಟ ಮೇಲೆ ಅಪ್ಪ ಅಂದರು: "ಅಲ್ಲವಾ, ನಾನು ಒಂದು ಮೋಟರ್ ಮಾರಿದ್ರೂ ತಿಂಗ್ಳು ಬಿಟ್ಟು ಕೇಳ್ತೀನಿ, ಹೆಂಗ್ ಓಡಾಕತ್ತೈತಿ ಅಂತ. ಇವರು ಕೈ ಕೊಯ್ದಾರ, ಊಟದ್ದ ಕೇಳ್ತಾರ."

ಇವತ್ತಿನ ಸಂಚಿಕೆ ಪೂರ್ತಿ ಈ ಮಾತಿನ ಮೇಲೆ. ಯಾಕಂದರೆ ಹೆಚ್ಚುಕಡಿಮೆ ಇದೇ ಮಾತನ್ನು 1910ರ ಸುಮಾರಿಗೆ ಬಾಸ್ಟನ್ ನಗರದಲ್ಲಿ ಒಬ್ಬ ಸರ್ಜನ್ ಹೇಳಿದ್ದರು. ಅಪ್ಪನ ಹಾಳೆಯ ಮೇಲಿದ್ದ ಹೆಸರೇ ಅವರದ್ದು. ಅರ್ನೆಸ್ಟ್ ಅಮೊರಿ ಕಾಡ್‌ಮನ್.

ಒಂದು ಊಟದ ಪಂದ್ಯ

ಕಾಡ್‌ಮನ್ ಹುಟ್ಟಿದ್ದು 1869ರಲ್ಲಿ, ಬಾಸ್ಟನ್‌ನಲ್ಲಿ. ಒಳ್ಳೇ ಮನೆತನ, ಹಾರ್ವರ್ಡ್ ಓದು. ವೈದ್ಯಕೀಯ ಓದುವಾಗ ಅವರ ಜೊತೆಗಾರ ಹಾರ್ವಿ ಕುಶಿಂಗ್, ಮುಂದೆ ಮೆದುಳಿನ ಶಸ್ತ್ರಚಿಕಿತ್ಸೆಗೆ ದೊಡ್ಡ ಹೆಸರಾದವರು.

ಆಗ ಆಪರೇಷನ್‌ಗೆ ಅರಿವಳಿಕೆ ಅಂದರೆ ಈಥರ್. ಅದನ್ನು 1846ರಲ್ಲಿ ಜನರೆದುರು ತೋರಿಸಿದ್ದು ಇದೇ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. ಅರ್ಧ ಶತಮಾನ ಆದ ಮೇಲೂ ಅಲ್ಲಿ ಈಥರ್ ಕೊಡ್ತಿದ್ದವರು ಯಾರು ಗೊತ್ತಾ? ವಿದ್ಯಾರ್ಥಿಗಳು. ಸರಿಯಾದ ತರಬೇತಿ ಇಲ್ಲ. ಕುಶಿಂಗ್ ಹೀಗೇ ಒಬ್ಬ ರೋಗಿಗೆ ಈಥರ್ ಕೊಟ್ಟಾಗ ಆ ರೋಗಿ ತೀರಿಕೊಂಡರು. ಇಂಥವೆಲ್ಲ ಆಗ್ತಾ ಇರ್ತವೆ ಅನ್ನೋ ಹಾಗೆ ದೊಡ್ಡವರು ಮುಂದೆ ಹೋದರು. ಹುಡುಗನಿಗೆ ಮುಂದೆ ಹೋಗೋಕೆ ಆಗಲಿಲ್ಲ.

ಕುಶಿಂಗ್ ಮತ್ತು ಕಾಡ್‌ಮನ್ ಒಂದು ಪಂದ್ಯ ಕಟ್ಟಿದರು. ಯಾರು ಚೆನ್ನಾಗಿ ಈಥರ್ ಕೊಡ್ತಾರೋ ನೋಡೋಣ, ಸೋತವರು ಊಟ ಕೊಡಿಸಬೇಕು. ಆದರೆ ಚೆನ್ನಾಗಿ ಕೊಟ್ಟಿದ್ದು ಯಾರು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಒಂದು ಚಾರ್ಟ್ ಮಾಡಿದರು. ಆಪರೇಷನ್ ನಡೀತಿರುವಾಗ ಇಷ್ಟಿಷ್ಟು ನಿಮಿಷಕ್ಕೆ ನಾಡಿ ಎಷ್ಟು, ಉಸಿರು ಎಷ್ಟು ಅಂತ ಬರೀತಾ ಹೋದರು. ಇದು 1894ರ ಮಾತು. ಅರಿವಳಿಕೆ ದಾಖಲೆಯ ಇತಿಹಾಸ ಬರೆಯುವವರು ಈ ಹಾಳೆಗಳಿಂದಲೇ ಶುರು ಮಾಡ್ತಾರೆ. ಇವತ್ತು ಆಪರೇಷನ್ ಥಿಯೇಟರ್‌ನಲ್ಲಿ ಟಿಕ್ ಟಿಕ್ ಅನ್ನೋ ಮಾನಿಟರ್ ಇದೆಯಲ್ಲ, ಅದರ ಮುತ್ತಜ್ಜಿ ಈ ಚಾರ್ಟು ಅಂದ್ಕೊಳ್ಳಿ.

ನಾನು ಬಿ.ಕಾಂ. ಓದಿದವಳು. ಮೊದಲ ವರ್ಷದಲ್ಲೇ ನಮಗೆ ಹೇಳಿಕೊಟ್ಟಿದ್ದು: ಬರೆದಿಡದ ವ್ಯವಹಾರ ನಡೆದೇ ಇಲ್ಲ. ಆ ಇಬ್ಬರು ಹುಡುಗರಿಗೆ ಇದು ಒಬ್ಬ ರೋಗಿ ಸತ್ತ ಮೇಲೆ ಅರ್ಥ ಆಯ್ತು. ಅವತ್ತು ಬರೆಯೋಕೆ ಶುರು ಮಾಡಿದ ಕಾಡ್‌ಮನ್ ಆಮೇಲೆ ನಿಲ್ಲಿಸಲೇ ಇಲ್ಲ.

ಅಂಚೆಕಾರ್ಡಿನಷ್ಟು ಸರಳವಾದ ಐಡಿಯಾ

ಓದು ಮುಗಿಸಿ ಕಾಡ್‌ಮನ್ ಅದೇ ಜನರಲ್ ಆಸ್ಪತ್ರೆಯಲ್ಲಿ ಸರ್ಜನ್ ಆದರು. ಎಕ್ಸ್-ರೇ ಹೊಸದಾಗಿ ಬಂದಾಗ ಅದರ ಮೇಲೂ ಕೆಲಸ ಮಾಡಿದರು. ಭುಜದ ನೋವಿನ ಹಿಂದೆ ಬಿದ್ದರು. ಹರಿದ ಭುಜದ ಸ್ನಾಯುವನ್ನು ಹೊಲಿದು ಸರಿಮಾಡಿದ್ದನ್ನು 1911ರಲ್ಲಿ ಬರೆದು ಪ್ರಕಟಿಸಿದರು. ಅಂದರೆ ನಮ್ಮಪ್ಪನಿಗೆ ಆದ ಆಪರೇಷನ್ನಿನ ಹಳೇ ರೂಪ.

ಆದರೆ ಅವರ ತಲೆ ತಿಂತಿದ್ದ ಪ್ರಶ್ನೆ ಬೇರೆ. ರೋಗಿ ಡಿಸ್ಚಾರ್ಜ್ ಆದ. ಆಮೇಲೆ?

ಆಗಿನ ಆಸ್ಪತ್ರೆಗಳು ಪ್ರತಿ ವರ್ಷ ವರದಿ ಹಾಕ್ತಿದ್ದವು. ಇಷ್ಟು ರೋಗಿಗಳು ಬಂದರು, ಇಷ್ಟು ಆಪರೇಷನ್ ಆದವು, ಇಷ್ಟು ದೇಣಿಗೆ ಬಂತು, ಇಷ್ಟು ಖರ್ಚಾಯ್ತು. ಎಲ್ಲಾ ಇತ್ತು. ಆದರೆ ಆಸ್ಪತ್ರೆ ಇರೋದು ಯಾತಕ್ಕೋ ಅದೇ ಒಂದು ಇರಲಿಲ್ಲ. ಬಂದವರು ಗುಣ ಆದರಾ? ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ: ಕಾರ್ಖಾನೆ ಎಷ್ಟು ಕಲ್ಲಿದ್ದಲು ಸುಟ್ಟಿತು ಅಂತ ಲೆಕ್ಕ ಇದೆ, ಎಷ್ಟು ಬಟ್ಟೆ ನೇಯ್ದಿತು ಅಂತ ಇಲ್ಲ.

ಕಾಡ್‌ಮನ್ ಹೇಳಿದ ಪರಿಹಾರ ಇಷ್ಟೇ. ಪ್ರತಿ ರೋಗಿಗೂ ಒಂದು ಕಾರ್ಡ್. ಬಂದಾಗ ಏನು ತೊಂದರೆ ಇತ್ತು, ಏನು ಕಾಯಿಲೆ ಅಂದ್ಕೊಂಡಿರಿ, ಏನು ಮಾಡಿದಿರಿ, ಏನು ತೊಡಕಾಯ್ತು, ಹೋಗುವಾಗ ಹೇಗಿದ್ದರು. ಕೊನೆಯಲ್ಲಿ ಖಾಲಿ ಜಾಗ. ಒಂದು ವರ್ಷ ಬಿಟ್ಟು ಆ ರೋಗಿಯನ್ನು ಹುಡುಕಿ ಕೇಳಬೇಕು, ಹೇಗಿದ್ದೀರಿ ಅಂತ. ಉತ್ತರ ಅಲ್ಲಿ ಬರೀಬೇಕು. ಮುಂದಿನ ವರ್ಷ ಮತ್ತೆ. ಚೆನ್ನಾಗಿಲ್ಲ ಅಂತ ಉತ್ತರ ಬಂದರೆ, ಯಾಕೆ ಅಂತ ಹುಡುಕಬೇಕು. ಇದಕ್ಕೆ ಅವರಿಟ್ಟ ಹೆಸರು 'ಎಂಡ್ ರಿಸಲ್ಟ್ ಐಡಿಯಾ'. ಕೊನೆಯ ಫಲಿತಾಂಶದ ಲೆಕ್ಕ.

1910ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ, ಕುದುರೆಗಾಡಿಯಲ್ಲಿ ವಾಪಸ್ ಬರ್ತಾ ಫಿಲಡೆಲ್ಫಿಯಾದ ಸರ್ಜನ್ ಎಡ್ವರ್ಡ್ ಮಾರ್ಟಿನ್ ಅವರಿಗೆ ಇದನ್ನು ವಿವರಿಸಿದರು. ಮಾರ್ಟಿನ್‌ಗೆ ಹಿಡಿಸಿತು. ದೇಶದ ಸರ್ಜನ್‌ಗಳದ್ದೇ ಒಂದು ಸಂಸ್ಥೆ ಬೇಕು, ಅದು ಆಸ್ಪತ್ರೆಗಳ ಗುಣಮಟ್ಟ ನೋಡಬೇಕು ಅನ್ನೋ ಮಾತು ಬೆಳೆಯಿತು. 1913ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಹುಟ್ಟಿತು. ಅದರ ಬಗ್ಗೆ ಆಮೇಲೆ ಹೇಳ್ತೀನಿ, ಒಂದು ಬೆಂಕಿಯ ಪ್ರಸಂಗ ಇದೆ.

ತನ್ನ ತಪ್ಪು ತಾನೇ ಅಚ್ಚು ಹಾಕಿಸಿದವರು

ಇಲ್ಲಿವರೆಗೆ ಕೇಳಿದರೆ, ಇದರಲ್ಲಿ ಬೇಡ ಅನ್ನೋಕೆ ಏನಿದೆ ಅನ್ಸುತ್ತೆ ಅಲ್ವಾ? ಅವರ ಆಸ್ಪತ್ರೆಯವರಿಗೆ ಬೇಡ ಅನ್ನೋಕೆ ಸಾಕಷ್ಟಿತ್ತು.

ಆ ಕಾಲದಲ್ಲಿ ಸರ್ಜನ್‌ಗಳಿಗೆ ಬಡ್ತಿ ಸಿಗ್ತಿದ್ದಿದ್ದು ಸೀನಿಯಾರಿಟಿ ಮೇಲೆ. ಯಾರು ಮೊದಲು ಸೇರಿದರು ಅಂತ ಲೆಕ್ಕ, ಯಾರ ರೋಗಿಗಳು ಬದುಕಿದರು ಅಂತ ಅಲ್ಲ. ಕಾರ್ಡಿನ ಲೆಕ್ಕ ತೆಗೆದರೆ ಯಾರಿಗೆ ಯಾವ ಆಪರೇಷನ್ ಬರುತ್ತೆ, ಯಾರಿಗೆ ಬರಲ್ಲ ಅಂತ ಕಾಣಿಸಿಬಿಡುತ್ತೆ. 1914ರಲ್ಲಿ ಕಾಡ್‌ಮನ್ ಈ ಪದ್ಧತಿ ವಿರೋಧಿಸಿ ರಾಜೀನಾಮೆ ಕೊಟ್ಟರು. ರಾಜೀನಾಮೆ ಅಂಗೀಕಾರ ಆದ ಮೇಲೆ ಮತ್ತೊಂದು ಪತ್ರ ಬರೆದರು: ನನ್ನನ್ನು ಮುಖ್ಯ ಸರ್ಜನ್ ಮಾಡಿ, ಯಾಕಂದರೆ ಕಳೆದ ಹತ್ತು ವರ್ಷದಲ್ಲಿ ನನ್ನ ಫಲಿತಾಂಶ ಉಳಿದವರಿಗಿಂತ ಚೆನ್ನಾಗಿದೆ. ಇದು ಜಂಬ ಅಲ್ಲ, ಚುಚ್ಚಿದ್ದು. ಅಲ್ಲ ಅಂತ ಹೇಳಬೇಕಾದರೆ ಅವರು ಲೆಕ್ಕ ತೆಗೆದು ತೋರಿಸಬೇಕಿತ್ತು. ಲೆಕ್ಕ ಇಟ್ಟಿದ್ದರೆ ತಾನೇ?

ಇಷ್ಟರಲ್ಲಿ ಅವರು ಬಾಸ್ಟನ್‌ನ ಬೀಕನ್ ಹಿಲ್ ಬಡಾವಣೆಯಲ್ಲಿ ತಮ್ಮದೇ ಒಂದು ಪುಟ್ಟ ಆಸ್ಪತ್ರೆ ನಡೆಸ್ತಿದ್ದರು. 1911ರಲ್ಲಿ ತೆಗೆದದ್ದು. 1916ರವರೆಗೆ ಅಲ್ಲಿಂದ 337 ರೋಗಿಗಳು ಡಿಸ್ಚಾರ್ಜ್ ಆದರು. ಪ್ರತಿಯೊಬ್ಬರ ಕಾರ್ಡನ್ನೂ ಹಿಡಿದು ಲೆಕ್ಕ ಹಾಕಿದರು. ಎಷ್ಟು ತಪ್ಪುಗಳು ಗೊತ್ತಾ? 123. ಇದನ್ನು ಬೇರೆ ಯಾರೋ ಪತ್ತೆ ಹಚ್ಚಿದ್ದಲ್ಲ. ಅವರೇ ಎಣಿಸಿ, ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿ, ದೇಶದ ಬೇರೆ ಆಸ್ಪತ್ರೆಗಳಿಗೆ ಕಳಿಸಿದರು. ನನ್ನದು ಇಷ್ಟು, ನಿಮ್ಮದು ಎಷ್ಟು ಅನ್ನೋ ಹಾಗೆ.

ಬರೀ ಎಣಿಸಲಿಲ್ಲ, ವಿಂಗಡಿಸಿದರು. ಕೈಚಳಕ ಸಾಲದೆ ಆದ ತಪ್ಪು ಒಂದು ಖಾತೆ. ಆಪರೇಷನ್ ಮಾಡಬೇಕಾ ಬೇಡವಾ ಅನ್ನೋ ತೀರ್ಮಾನದ ತಪ್ಪು ಇನ್ನೊಂದು. ಕಾಯಿಲೆ ಗುರುತಿಸೋದರಲ್ಲಿ ಆದದ್ದು, ಆರೈಕೆ ಅಥವಾ ಸಲಕರಣೆ ಕೊರತೆಯಿಂದ ಆದದ್ದು ಬೇರೆ ಬೇರೆ. ರೋಗವೇ ಗೆಲ್ಲಲಾಗದ್ದು, ರೋಗಿಯೇ ಚಿಕಿತ್ಸೆ ಬೇಡ ಅಂದದ್ದು, ಇವೂ ಬೇರೆ. ಯಾರ ಕೈಯಲ್ಲೂ ಇಲ್ಲದ ಅನಾಹುತಗಳಿಗೂ ಒಂದು ಕಾಲಂ.

ಈ ವಿಂಗಡಣೆ ನೋಡಿದಾಗಲೇ ನಾನು ಈ ಮನುಷ್ಯನ ಅಭಿಮಾನಿ ಆದೆ. ನಷ್ಟ ಆಯ್ತು ಅಂತ ಒಂದೇ ಸಾಲು ಬರೆದರೆ ಅಂಗಡಿ ಉದ್ಧಾರ ಆಗಲ್ಲ. ಮಾಲು ಒಡೆದಿದ್ದರಿಂದ ಎಷ್ಟು, ಉದ್ರಿ ವಾಪಸ್ ಬರದೆ ಎಷ್ಟು, ರೇಟು ಬಿದ್ದು ಎಷ್ಟು ಅಂತ ಬಿಡಿಸಿದರೆ ತಾನೇ ಮುಂದಿನ ವರ್ಷ ಏನು ಮಾಡಬೇಕು ಅಂತ ಗೊತ್ತಾಗೋದು? ತಪ್ಪಿನ ಕಾರಣ ಗೊತ್ತಾದರೆ ಅದನ್ನು ತಡೆಯಬಹುದು. ಆಪರೇಷನ್ ಟೇಬಲ್ ಮೇಲೆ ಆಗೋ ಹಾನಿಯೂ ಒಂದು ಗಾಯವೇ, ತಡೆಯಬಹುದಾದ ಗಾಯ. ಕಾಡ್‌ಮನ್ ಅದನ್ನು ವಿಧಿ ಅಂತ ಬಿಡಲಿಲ್ಲ. ಕಾಲಂ ಹಾಕಿದರು.

ಉಷ್ಟ್ರಪಕ್ಷಿ ಮತ್ತು ಚಿನ್ನದ ಮೊಟ್ಟೆ

ಈಗ 1915ರ ಜನವರಿ 6ಕ್ಕೆ ಬನ್ನಿ. ಬಾಸ್ಟನ್‌ನ ವೈದ್ಯರ ಸಂಘದಲ್ಲಿ ಸರ್ಜನ್‌ಗಳ ವಿಭಾಗಕ್ಕೆ ಕಾಡ್‌ಮನ್ ಅವರೇ ಅಧ್ಯಕ್ಷರು. ಆಸ್ಪತ್ರೆಗಳ ದಕ್ಷತೆ ಬಗ್ಗೆ ಅಂತ ಒಂದು ಸಭೆ ಕರೆದರು. ಊರಿನ ಮೇಯರ್ ಜೇಮ್ಸ್ ಕರ್ಲಿ ಬಂದಿದ್ದರು. ಕಾರ್ಖಾನೆ ಕೆಲಸದ ದಕ್ಷತೆಗೆ ಹೆಸರಾಗಿದ್ದ ಫ್ರಾಂಕ್ ಗಿಲ್‌ಬ್ರೆತ್ ಬಂದಿದ್ದರು. ಸಭೆ ತುಂಬಿತ್ತು.

ಭಾಷಣಗಳೆಲ್ಲ ಆದ ಮೇಲೆ ಕಾಡ್‌ಮನ್ ಒಂದು ದೊಡ್ಡ ವ್ಯಂಗ್ಯಚಿತ್ರ ಬಿಚ್ಚಿದರು. ಅದರಲ್ಲಿ ಒಂದು ಉಷ್ಟ್ರಪಕ್ಷಿ. ತಲೆಯನ್ನು ಮರಳಲ್ಲಿ ಹೂತಿದೆ. ಆ ಪಕ್ಷಿ ಅಂದರೆ ಬ್ಯಾಕ್ ಬೇ ಬಡಾವಣೆಯ ಶ್ರೀಮಂತರು. ಏನಾಗ್ತಿದೆ ಅಂತ ನೋಡದೆ ಹಿಂದಕ್ಕೆ ಚಿನ್ನದ ಮೊಟ್ಟೆ ಒದೀತಿದೆ. ಡಾಕ್ಟರ್‌ಗಳು ಆಯ್ಕೊಳ್ತಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರನ್ನೂ ಬಿಟ್ಟಿರಲಿಲ್ಲ. ಸತ್ಯ ಹೇಳಿಬಿಟ್ಟರೆ ನಮ್ಮ ಪ್ರೊಫೆಸರ್‌ಗಳ ಹೊಟ್ಟೆಪಾಡು ಹೇಗೆ ಅಂತ ಅವರು ಯೋಚಿಸ್ತಿರೋ ಹಾಗೆ ಚಿತ್ರ.

ಸಭೆಯಲ್ಲಿ ಗದ್ದಲ ಎದ್ದಿತು. ಅಧ್ಯಕ್ಷ ಸ್ಥಾನ ಬಿಡಬೇಕಾಯ್ತು. ಹಾರ್ವರ್ಡ್‌ನ ಪಾಠ ಹೇಳೋ ಕೆಲಸವೂ ಹೋಯ್ತು. ಗೆಳೆಯರು ದೂರ ಆದರು, ಸಂಪಾದನೆ ಇಳೀತು. ಮೊದಲನೇ ಮಹಾಯುದ್ಧದ ದಿನಗಳಲ್ಲಿ ಅವರ ಪುಟ್ಟ ಆಸ್ಪತ್ರೆಯೂ ಮುಚ್ಚಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕಾಡ್‌ಮನ್ ಸಂತ ಏನಲ್ಲ. ಸಭೆಗೆ ಕರೆದು ಮುಖಕ್ಕೆ ಮಂಗಳಾರತಿ ಎತ್ತಿದರೆ ಯಾರು ಬದಲಾಗ್ತಾರೆ? ಅವರ ಹಠದಿಂದ ಅವರದೇ ಕೆಲಸಕ್ಕೆ ಪೆಟ್ಟು ಬಿತ್ತು ಅನ್ನೋರಿದ್ದಾರೆ, ಆ ಮಾತಲ್ಲಿ ಹುರುಳಿದೆ. ಆದರೆ ಸಮಾಧಾನವಾಗಿ ಹೇಳಿದವರಿಗೆ ಏನಾಯ್ತು ಅಂತ ಕೇಳಿ.

ಹೋಟೆಲಿನ ಒಲೆಗೆ ಹೋದ ಪಟ್ಟಿ

ಆಗಲೇ ಹೇಳಿದ್ದೆನಲ್ಲ, ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್. ಅವರು ಕಾಡ್‌ಮನ್ ಥರ ಗಲಾಟೆ ಮಾಡಲಿಲ್ಲ. ಶಿಸ್ತಾಗಿ ಸಮೀಕ್ಷೆಗೆ ಹೊರಟರು. 100 ಅಥವಾ ಹೆಚ್ಚು ಹಾಸಿಗೆ ಇರೋ 692 ಆಸ್ಪತ್ರೆ ನೋಡಿದರು. ಕೇಳಿದ್ದು ಏನು ದೊಡ್ಡದಲ್ಲ, ಕನಿಷ್ಠ ಮಟ್ಟ. ರೋಗಿಯ ದಾಖಲೆ ಬರೀತೀರಾ, ಲ್ಯಾಬ್ ಇದೆಯಾ, ಎಕ್ಸ್-ರೇ ಇದೆಯಾ, ಇಂಥವು. ಪಾಸಾದದ್ದು ಎಷ್ಟು? 89.

ಫೇಲಾದವರಲ್ಲಿ ದೇಶದ ದೊಡ್ಡ ದೊಡ್ಡ ಹೆಸರುಗಳಿದ್ದವು. 1919ರಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಸಭೆ. ಅಂಕಿ ಮಾತ್ರ ಹೇಳಿದರು. ಹೆಸರಿನ ಪಟ್ಟಿಯನ್ನು ಪತ್ರಿಕೆಯವರ ಕೈಗೆ ಸಿಗಬಾರದು ಅಂತ ಹೋಟೆಲಿನ ಕುಲುಮೆಗೆ ಹಾಕಿ ಸುಟ್ಟರು.

ಯೋಚನೆ ಮಾಡಿ. ಒಂದು ಆಸ್ಪತ್ರೆಯಲ್ಲಿ ದಾಖಲೆ ಸರಿಯಿಲ್ಲ ಅನ್ನೋದಕ್ಕೆ ಇದ್ದ ದಾಖಲೆಯೂ ಬೂದಿ.

ಹಾಗಂತ ಎಲ್ಲಾ ವ್ಯರ್ಥ ಆಗಲಿಲ್ಲ. ಆ ಕನಿಷ್ಠ ಮಟ್ಟ ನಿಧಾನಕ್ಕೆ ಬೇರು ಬಿಟ್ಟಿತು. ವರ್ಷ ವರ್ಷ ಹೆಚ್ಚು ಆಸ್ಪತ್ರೆಗಳು ಪಾಸಾದವು. 1951ರಲ್ಲಿ ಆ ಕೆಲಸ ನೋಡಿಕೊಳ್ಳೋಕೆ ಜಾಯಿಂಟ್ ಕಮಿಷನ್ ಅನ್ನೋ ಸಂಸ್ಥೆಯೇ ಬಂತು. ರೋಗಿಯ ಫೈಲು ಬರೆಯಲೇಬೇಕು ಅನ್ನೋದು ಪದ್ಧತಿ ಆಯ್ತು. ಆದರೆ ಯಾರ ಫಲಿತಾಂಶ ಹೇಗಿದೆ ಅಂತ ಜನರ ಮುಂದೆ ಇಡಿ ಅನ್ನೋ ಕಾಡ್‌ಮನ್‌ರ ಮುಖ್ಯ ಮಾತು ಮಾತ್ರ ದಶಕಗಳ ಕಾಲ ಯಾರಿಗೂ ಬೇಡವಾಯ್ತು.

ಕಾಡ್‌ಮನ್ ಸುಮ್ಮನೆ ಕೂರಲಿಲ್ಲ. 1920ರಲ್ಲಿ ಮೂಳೆ ಕ್ಯಾನ್ಸರ್‌ನ ಒಂದು ರಿಜಿಸ್ಟರ್ ಶುರು ಮಾಡಿದರು. ಒಬ್ಬೊಬ್ಬ ಡಾಕ್ಟರ್‌ಗೆ ಅಪರೂಪಕ್ಕೆ ಕಾಣೋ ಕಾಯಿಲೆ, ಎಲ್ಲರ ಕೇಸೂ ಒಂದೇ ಕಡೆ ಸೇರಿದರೆ ಮಾತ್ರ ಅರ್ಥ ಆಗುತ್ತೆ ಅಂತ. 1934ರಲ್ಲಿ ಭುಜದ ಬಗ್ಗೆ 'ದಿ ಶೋಲ್ಡರ್' ಅನ್ನೋ ದಪ್ಪ ಪುಸ್ತಕ ಬರೆದರು. ಅದರ ಮುನ್ನುಡಿಯಲ್ಲಿ ತಮ್ಮ ಜಗಳಗಳ ಕಥೆಯನ್ನೂ ಹೇಳಿಕೊಂಡಿದ್ದಾರೆ. 1940ರಲ್ಲಿ ತೀರಿಕೊಂಡರು. ಸಮಾಧಿ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ಹಾಕಿದ್ದು 2014ರಲ್ಲಿ.

ಸರಿ, ಲೆಕ್ಕ ಇಟ್ಟರೆ ಏನಾಗುತ್ತೆ?

ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಇಟ್ಟ ಮಾತ್ರಕ್ಕೆ ಜನ ಬದುಕ್ತಾರಾ?

ನ್ಯೂಯಾರ್ಕ್ ರಾಜ್ಯದ ಉದಾಹರಣೆ ನೋಡಿ. 1989ರಿಂದ ಅಲ್ಲಿ ಹೃದಯದ ಬೈಪಾಸ್ ಆಪರೇಷನ್‌ಗಳ ಸಾವಿನ ಲೆಕ್ಕ ಇಡೋಕೆ ಶುರು ಮಾಡಿದರು. ಮೊದಲು ಆಸ್ಪತ್ರೆವಾರು ಪ್ರಕಟ ಆಯ್ತು. ಆಮೇಲೆ ಒಂದು ಪತ್ರಿಕೆ ಕೋರ್ಟಿಗೆ ಹೋಗಿದ್ದರಿಂದ ಸರ್ಜನ್‌ವಾರು ಅಂಕಿ ಕೂಡ ಹೊರಬಂತು. ಇಲ್ಲಿ ಒಂದು ತಕರಾರು ಇದೆ. ಕಷ್ಟದ ಕೇಸ್ ತಗೊಳ್ಳೋ ಸರ್ಜನ್‌ಗೆ ಸಾವು ಜಾಸ್ತಿ ಇರೋದು ಸಹಜ. ಅದಕ್ಕೇ ರೋಗಿಯ ವಯಸ್ಸು, ಬೇರೆ ಕಾಯಿಲೆ ಎಲ್ಲಾ ಹೊಂದಿಸಿ ಲೆಕ್ಕ ಹಾಕಿದರು. ಹಾಗೆ ಹೊಂದಿಸಿದ ಮೇಲೂ ಸಾವಿನ ಪ್ರಮಾಣ 1989ರಲ್ಲಿ ಶೇ. 4.17 ಇದ್ದದ್ದು 1992ಕ್ಕೆ ಶೇ. 2.45ಕ್ಕೆ ಇಳೀತು. ಅಂಕಿ ಕೆಡುತ್ತೆ ಅಂತ ಕೆಲವರು ಕಷ್ಟದ ರೋಗಿಗಳನ್ನು ಬೇಡ ಅಂತಾರೆ ಅನ್ನೋ ಆಕ್ಷೇಪವೂ ಅಲ್ಲಿಂದಲೇ ಬಂತು. ಅದೂ ಗಂಭೀರವಾದದ್ದೇ.

ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆಯ ಸರ್ಜಿಕಲ್ ಚೆಕ್‌ಲಿಸ್ಟ್. ಒಂದೇ ಹಾಳೆ, 19 ಪ್ರಶ್ನೆ. ರೋಗಿ ಇವರೇನಾ? ಯಾವ ಕಡೆಯ ಕಾಲು? ಆಂಟಿಬಯೋಟಿಕ್ ಕೊಟ್ಟಾಯ್ತಾ? ಹತ್ತಿ, ಸೂಜಿ ಎಣಿಸಿದಿರಾ? 2007-08ರಲ್ಲಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದರು. ನಮ್ಮ ದೆಹಲಿಯೂ ಅದರಲ್ಲಿತ್ತು. ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಆದರೆ ಆಮೇಲೆ ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳ ಲೆಕ್ಕ ತೆಗೆದಾಗ, ಚೆಕ್‌ಲಿಸ್ಟ್ ಬಂದ ಮೇಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಟಿಕ್ ಹಾಕೋದು ಬೇರೆ, ನಿಜವಾಗಿ ಎಣಿಸೋದು ಬೇರೆ. ಇದೂ ಗೊತ್ತಾಗಿದ್ದು ಹೇಗೆ? ಮತ್ತೆ ಯಾರೋ ಕೂತು ಫಲಿತಾಂಶ ಲೆಕ್ಕ ಹಾಕಿದ್ದರಿಂದಲೇ.

3,600 ಜನ ಎಲ್ಲಿ?

ಈಗ ಈ ಕಥೆ ನಮ್ಮ ದೇಶಕ್ಕೆ ಬರುತ್ತೆ. ಸ್ವಲ್ಪ ಗಮನ ಕೊಟ್ಟು ಕೇಳಿ.

ಕಾಡ್‌ಮನ್ ಕಾರ್ಡನ್ನು ಇಡೀ ದೇಶಕ್ಕೇ ಹಿಗ್ಗಿಸಿದವರು ಸ್ವೀಡನ್ನಿನವರು ಅಂತ ಹೇಳಬಹುದು. 1975ರಲ್ಲಿ ಕೃತಕ ಮಂಡಿಗೆ, 1979ರಲ್ಲಿ ಕೃತಕ ಸೊಂಟದ ಕೀಲಿಗೆ ರಾಷ್ಟ್ರೀಯ ರಿಜಿಸ್ಟರ್. ಯಾರಿಗೆ ಯಾವ ಇಂಪ್ಲಾಂಟ್ ಹಾಕಿದರು, ಎಷ್ಟು ವರ್ಷ ಬಾಳಿತು, ಯಾರಿಗೆ ಮತ್ತೆ ಆಪರೇಷನ್ ಆಯ್ತು, ಎಲ್ಲಾ ಒಂದೇ ಕಡೆ. 1999ರಲ್ಲಿ ಆಸ್ಟ್ರೇಲಿಯಾ ಕೂಡ ಶುರು ಮಾಡಿತು.

ಜಾನ್ಸನ್ ಆ್ಯಂಡ್ ಜಾನ್ಸನ್‌ನ ಅಂಗಸಂಸ್ಥೆ ಡೆಪ್ಯೂ ಒಂದು ಸೊಂಟದ ಕೀಲು ತಂದಿತ್ತು, ಎಎಸ್‌ಆರ್ ಅಂತ ಹೆಸರು. ಲೋಹದ ಗುಂಡು ಲೋಹದ ಬಟ್ಟಲೊಳಗೆ ತಿರುಗೋ ವಿನ್ಯಾಸ. ಉಜ್ಜಿ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಮೈಯೊಳಗೆ ಸೇರೋಕೆ ಶುರುವಾದವು. ಸುತ್ತಲಿನ ಮಾಂಸ ಹಾಳಾಯ್ತು, ಕೀಲು ಸಡಿಲ ಆಯ್ತು. ಇದನ್ನು ಮೊದಲು ಹಿಡಿದವರಲ್ಲಿ ಆಸ್ಟ್ರೇಲಿಯಾದ ರಿಜಿಸ್ಟರ್ ಒಂದು. ಈ ಕೀಲು ಹಾಕಿಸಿಕೊಂಡವರು ಮತ್ತೆ ಆಪರೇಷನ್‌ಗೆ ಬರ್ತಿರೋದು ಬೇರೆಯವಕ್ಕಿಂತ ಜಾಸ್ತಿ ಇದೆ ಅಂತ 2007ರಲ್ಲೇ ಅದರ ಅಂಕಿ ತೋರಿಸಿತು. 2010ರಲ್ಲಿ ಬ್ರಿಟನ್ನಿನ ಅಂಕಿ ಬಂತು: ಐದೇ ವರ್ಷದಲ್ಲಿ ನೂರಕ್ಕೆ 12-13 ಜನರಿಗೆ ಮತ್ತೆ ಆಪರೇಷನ್. ಆ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ವಾಪಸ್ ಕರೆಸಿಕೊಂಡಿತು. ಅಷ್ಟು ಹೊತ್ತಿಗೆ ಸುಮಾರು 93,000 ಜನರ ಮೈಯೊಳಗೆ ಹೋಗಿತ್ತು.

ಭಾರತದಲ್ಲಿ ಎಷ್ಟು? ಸುಮಾರು 4,700 ಆಪರೇಷನ್. ನಮ್ಮಲ್ಲಿ ಆಮದು ಲೈಸೆನ್ಸ್ ರದ್ದಾಗಿದ್ದು 2012ರಲ್ಲಿ. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಸಮಿತಿ ಹುಡುಕಿದಾಗ ಸಿಕ್ಕಿದ್ದು, ಕಂಪನಿಯ ಸಹಾಯವಾಣಿಯಲ್ಲಿ ನೋಂದಾಯಿಸಿಕೊಂಡಿದ್ದ ಸುಮಾರು 1,080 ಜನರ ಲೆಕ್ಕ. ಉಳಿದ ಸುಮಾರು 3,600 ಜನರ ಪತ್ತೆ ಇರಲಿಲ್ಲ.

3,600 ಜನ. ಕಳ್ಳಸಾಗಣೆ ಆಗಿದ್ದಲ್ಲ, ಆಸ್ಪತ್ರೆಯಲ್ಲಿ ಬಿಲ್ ಕಟ್ಟಿ ಆಪರೇಷನ್ ಮಾಡಿಸಿಕೊಂಡವರು. ಬಿಲ್ಲಿಗೆ ಲೆಕ್ಕ ಇತ್ತು, ಮನುಷ್ಯರಿಗೆ ಇರಲಿಲ್ಲ. 2018ರಲ್ಲಿ ಪರಿಹಾರದ ಸೂತ್ರ ಬಂತು, ಕನಿಷ್ಠ 30 ಲಕ್ಷ, ಗರಿಷ್ಠ ಸುಮಾರು 1.23 ಕೋಟಿ ರೂಪಾಯಿ. ಆದರೆ ವಿಳಾಸ ಗೊತ್ತಿಲ್ಲದವರಿಗೆ ಸುದ್ದಿ ಮುಟ್ಟಿಸೋದು ಹೇಗೆ? ಅವರಲ್ಲಿ ಯಾರೋ ಒಬ್ಬರು ಇವತ್ತೂ ಸೊಂಟ ಹಿಡ್ಕೊಂಡು ಕೂತು, ವಯಸ್ಸಾಯ್ತಲ್ಲ, ನೋವು ಇದ್ದದ್ದೇ ಅಂದ್ಕೊಂಡಿರಬಹುದು.

ಒಂದು ವರ್ಷ ಬಿಟ್ಟು ಒಂದು ಫೋನು. ಹೇಗಿದ್ದೀರಿ? ಅಷ್ಟು ಮಾಡಿದ್ದರೆ ಸಾಕಿತ್ತು.

ನಮ್ಮಲ್ಲಿ ಏನೂ ಆಗಿಲ್ಲ ಅಂತಲ್ಲ. ವೈದ್ಯಕೀಯ ಸಾಧನಗಳಿಂದ ಆದ ತೊಂದರೆ ವರದಿ ಮಾಡೋಕೆ 2015ರಲ್ಲಿ ಮೆಟೀರಿಯೋವಿಜಿಲೆನ್ಸ್ ಅನ್ನೋ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದೆ. ಆದರೆ ಅದು ತೊಂದರೆ ಆದವರು ಬಂದು ಹೇಳಿದರೆ ಬರೆದುಕೊಳ್ಳೋ ವ್ಯವಸ್ಥೆ. ಕಾಡ್‌ಮನ್ ಹೇಳಿದ್ದು, ನಾವೇ ಹೋಗಿ ಕೇಳಬೇಕು ಅಂತ.

ಹಾಗಾದರೆ ನಾವೇನು ಮಾಡೋದು?

ನಾನು ಡಾಕ್ಟರ್ ಅಲ್ಲ, ಚಿಕಿತ್ಸೆ ಬಗ್ಗೆ ಸಲಹೆ ಕೊಡಲ್ಲ. ಲೆಕ್ಕದ ಸಲಹೆ ಕೊಡಬಹುದು. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದರೆ ಡಿಸ್ಚಾರ್ಜ್ ಸಮರಿಯನ್ನು ಫೋಟೋ ತೆಗೆದು ಇಟ್ಕೊಳ್ಳಿ. ಮೈಯೊಳಗೆ ರಾಡು, ಪ್ಲೇಟು, ಕೀಲು, ಸ್ಟೆಂಟ್ ಏನೇ ಹಾಕಿದ್ದರೂ ಅದರ ಡಬ್ಬಿ ಮೇಲೆ ಕಂಪನಿ ಹೆಸರು, ನಂಬರ್ ಇರೋ ಸ್ಟಿಕ್ಕರ್ ಇರುತ್ತೆ. ಅದು ಬೇಕು ಅಂತ ಕೇಳಿ. ಮೊಬೈಲ್ ಕೊಂಡರೆ ಅದರ ನಂಬರ್ ಇಟ್ಕೊಳ್ತೀವಿ, ಸೊಂಟದ ಕೀಲಿಂದು ಬೇಡವಾ? ಆಪರೇಷನ್‌ಗೆ ಮೊದಲು ಸರ್ಜನ್‌ಗೆ ಗೌರವದಿಂದಲೇ ಕೇಳಿ: ಸರ್, ಇದು ಮಾಡಿಸಿಕೊಂಡವರು ಒಂದು ವರ್ಷ ಆದ ಮೇಲೆ ಸಾಮಾನ್ಯವಾಗಿ ಹೇಗಿರ್ತಾರೆ? ಬೇಜಾರು ಮಾಡಿಕೊಳ್ಳದೆ ಹೇಳೋ ಡಾಕ್ಟರ್‌ಗಳು ಬೇಕಾದಷ್ಟಿದ್ದಾರೆ.

ಕಳೆದ ತಿಂಗಳು ಅಪ್ಪನ ಆಪರೇಷನ್‌ಗೆ ಒಂದು ವರ್ಷ ಆಯ್ತು. ಊರಿಗೆ ಹೋಗಿದ್ದೆ. ಭುಜ ಎತ್ತಿ ತೋರಿಸಿ ಅಂದೆ. ಬಲಗೈ ಮೇಲಿನಿಂದ ಎರಡನೇ ರ‍್ಯಾಕ್‌ವರೆಗೆ ಸಲೀಸಾಗಿ ಹೋಯ್ತು. ಅದರ ಮೇಲೆ ಹಿಡಿಯುತ್ತೆ. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ನೋವು ಇನ್ನೂ ಇದೆ. ಪೇಂಟ್ ಡಬ್ಬಿಗಳೆಲ್ಲ ಈಗ ಕೆಳಗಿನ ರ‍್ಯಾಕ್‌ಗೆ ಬಂದಿವೆ. ಗಾಯ ತಡೆಯೋದು ಅಂದರೆ ಬಹಳ ಸಲ ಇಷ್ಟೇ.

ಈ ಕಾಡ್‌ಮನ್ ಕಥೆಯನ್ನೆಲ್ಲ ಅವರಿಗೆ ಹೇಳಿದ್ದೆ. ಸುಮ್ಮನೆ ಕೇಳಿಸಿಕೊಂಡವರು, ಮಾರನೇ ದಿನ ಅಂಗಡಿಯಿಂದ ಆಸ್ಪತ್ರೆಗೆ ಅವರೇ ಫೋನ್ ಮಾಡಿದರು. "ನಮಸ್ಕಾರ್ರೀ. ನಂದು ಭುಜದ ಆಪರೇಷನ್ ಆಗಿ ವರ್ಷ ಆತು. ಕೈ ಎರಡನೇ ರ‍್ಯಾಕ್ ತನಕ ಹೋಗ್ತತಿ, ರಾತ್ರಿ ಸ್ವಲ್ಪ ನೋವೈತಿ. ಬರ್ಕೊಳ್ರಿ." ಆ ಕಡೆಯವರು ಅಪಾಯಿಂಟ್‌ಮೆಂಟ್ ಬೇಕಾ ಸರ್ ಅಂದರು. ಬೇಡ, ಬರೆದುಕೊಂಡರೆ ಸಾಕು ಅಂದರು ಅಪ್ಪ. ಎಲ್ಲಿ ಬರ್ಕೊಳ್ಳೋದು ಸರ್ ಅಂತ ಅವರು ನಿಜವಾಗ್ಲೂ ಕೇಳಿದರು.

ಅಪ್ಪ ಫೋನಿಟ್ಟು, ಉದ್ರಿ ಪುಸ್ತಕದ ಕೊನೇ ಪುಟ ತೆಗೆದು, ತಾರೀಖು ಹಾಕಿ ಅದನ್ನೇ ಬರೆದಿಟ್ಟರು. ಮುಂದಿನ ವರ್ಷಕ್ಕೆ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಆಗಿ ವರ್ಷ ಆಗಿದ್ದರೆ, ಈ ಸಂಚಿಕೆ ಮುಗಿದ ಮೇಲೆ ಒಂದು ಫೋನ್ ಮಾಡಿ ಕೇಳಿ, ಹೇಗಿದ್ದೀರಿ ಅಂತ.